ಹಸಿದ ಹೊಟ್ಟೆಗೆ ಹೇಳಬಾರದ ಸುದ್ದಿ

ಕಸ್ತೂರೆವ್ವನ ಅಂಗಳಕ್ಕೆ ಹೋಗಬೇಕಾದರೆ ಮೊದಲು ನಾಯಿಗಳ ಒಪ್ಪಿಗೆ ಬೇಕಿತ್ತು, ಆಮೇಲೆ ಅವಳದು. ನಾಯಿಗಳೇ ವಾಸಿ. ಒಮ್ಮೆ ಮೂಸಿ ಸುಮ್ಮನಾಗುತ್ತಿದ್ದವು. ಮರಿ ಕೊಳ್ಳಲು ಕಾರಿನಲ್ಲಿ ಬಂದವರನ್ನು ಅವಳು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದಳು. ಅಂಗಳ ಐತೇನು? ಓಡಿಸಾವ್ರು ಯಾರು? ಮುದಿ ಆದ ಮ್ಯಾಲ ಏನ ಮಾಡ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದವನು ಬಂದ ದಾರಿ ಹಿಡಿಯಬೇಕು.

"ಓಡೂತನಕ ನಿಮ್ಮ ನಾಯಿ, ಕುಂತ ಮ್ಯಾಲ ಯಾರ್ದು?" ಎಂದು ಅವರ ಬೆನ್ನಿಗೆ ಕೂಗಿ ಹೇಳುತ್ತಿದ್ದಳು.

ನಾನು ಅವಳ ಪಕ್ಕದ ಮನೆಯವಳು, ಊರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮೂರು ಮುಧೋಳದಿಂದ ಅರ್ಧ ಗಂಟೆಯ ದಾರಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದರೆ ಒಂದು ತಾಸು. ಕಸ್ತೂರೆವ್ವ ನನ್ನನ್ನು "ಅಕ್ಕಾರ" ಎಂದು ಗೌರವದಿಂದ ಕರೆಯುತ್ತಿದ್ದಳು. ಮರುಗಳಿಗೆಯಲ್ಲೇ "ನಿಮಗ ರೊಟ್ಟಿ ಬಡಿಯಾಕ ಬರಂಗಿಲ್ಲ ಬಿಡ್ರಿ" ಎಂದು ಆ ಗೌರವವನ್ನು ವಾಪಸು ತೆಗೆದುಕೊಳ್ಳುತ್ತಿದ್ದಳು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಾವ ಬಿಟ್ಟುಹೋದ ಬೇಟೆ ನಾಯಿಗಳ ತಳಿಯನ್ನು ಅವಳೇ ಬೆಳೆಸಿಕೊಂಡು ಬಂದಿದ್ದಳು. ಅವಳ ಸ್ವಭಾವ ಗೊತ್ತಿದ್ದವರು ತಮ್ಮ ಮುದಿ ನಾಯಿಗಳನ್ನೂ ತಂದು ಅವಳ ಗೇಟಿಗೆ ಕಟ್ಟಿ ಕಾಲ್ಕೀಳುತ್ತಿದ್ದರು. ಊರವರು ಅವಳ ಮನೆಗೆ ನಾಯಿಗಳ ಪಿಂಚಣಿ ಆಫೀಸು ಎಂದು ಹೆಸರಿಟ್ಟಿದ್ದರು.

ಆ ಮುದಿ ನಾಯಿಗಳನ್ನು ಹುಡುಕಿಕೊಂಡೇ ನೀಮಾ ಬಂದದ್ದು. ದೂರದ ತಾಂಜಾನಿಯಾದ ಹುಡುಗಿ, ನಮ್ಮ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ನಾಯಿಗಳು ಮುಪ್ಪಿನಲ್ಲಿ ಆರೋಗ್ಯವಾಗಿ ಇರುವುದು ಹೇಗೆ ಎಂಬುದು ಅವಳ ಸಂಶೋಧನೆ. ಮೊದಲ ದಿನ ನಾನು ದುಭಾಷಿಯಾಗಿ ನಿಂತು ಇದನ್ನು ವಿವರಿಸಿದಾಗ ಕಸ್ತೂರೆವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ಹುಡುಗಿಯ ಮುಖ ನೋಡಿ, "ಊಟ ಆಗೈತೇನು ಕೇಳ್ರಿ" ಎಂದಳು. ಆಗಿರಲಿಲ್ಲ.

ಹಾಸ್ಟೆಲಿನಲ್ಲಿ ಆ ಹುಡುಗಿಯ ಬದುಕು ಚೆನ್ನಾಗಿರಲಿಲ್ಲ. ಬಸ್ಸಿನಲ್ಲಿ ಮಕ್ಕಳು ಕೂದಲು ಮುಟ್ಟಿ ಓಡುತ್ತಿದ್ದರು. ದೊಡ್ಡವರು ಕೇಳದೆ ಫೋಟೋ ತೆಗೆಯುತ್ತಿದ್ದರು. ನೇಪಾಳದ ಒಬ್ಬಳು, ಇಥಿಯೋಪಿಯಾದ ಇಬ್ಬರು, ಇವಳು, ಇಷ್ಟೇ ಒಂದು ಗುಂಪು. ದೀಪಾವಳಿಗೆ ಎಲ್ಲರೂ ಊರಿಗೆ ಹೋಗಿ ಮೆಸ್ ಮುಚ್ಚಿದಾಗ ನಾಲ್ವರೂ ಬಿಸ್ಕತ್ತು ತಿಂದು ಹಬ್ಬ ಕಳೆದಿದ್ದರಂತೆ. ಅದನ್ನು ಕೇಳಿ ಕಸ್ತೂರೆವ್ವನಿಗೆ ಸಿಟ್ಟು ನೆತ್ತಿಗೇರಿತು. ಮುಂದಿನ ದೀಪಾವಳಿಗೆ ನಾಲ್ವರೂ ಅವಳ ಪಡಸಾಲೆಯಲ್ಲಿದ್ದರು. ನೀಮಾ ಗೋವಿನಜೋಳದ ಹಿಟ್ಟು ತಿರುವಿ ತನ್ನ ದೇಶದ ಅಡುಗೆ ಮಾಡಿ ಬಡಿಸಿದಳು. ಕಸ್ತೂರೆವ್ವ ಒಂದು ತುತ್ತು ತಿಂದು, "ಇದು ನಮ್ಮ ಸಂಗಟಿನ. ಏನೋ ಅಂದ್ಕೊಂಡಿದ್ನಿ" ಎಂದಳು. ಅಂದಿನಿಂದ ನೀಮಾ ಅವಳ ಬಾಯಲ್ಲಿ ನೀಲವ್ವ ಆದಳು, ಅವಳು ನೀಮಾಳಿಗೆ ಅವ್ವ ಆದಳು. ಹುಡುಗಿ ಅವ್ವನ ಮಾತನ್ನೂ ಕಲಿತಳು, ನನ್ನ ದುಭಾಷಿ ಕೆಲಸ ಮುಗಿಯಿತು.

ಸಂಶೋಧನೆಯೂ ಸುಲಭವಾಗಿ ಸಾಗಲಿಲ್ಲ. ಅರ್ಧ ನಾಯಿಗಳನ್ನು ದಿನಾ ನಡೆಸಬೇಕು, ಅರ್ಧವನ್ನು ಹಾಗೇ ಬಿಡಬೇಕು, ಹೋಲಿಸಿ ನೋಡಬೇಕು ಎಂದು ನೀಮಾ ಹೇಳಿದರೆ ಕಸ್ತೂರೆವ್ವ ಒಪ್ಪಲಿಲ್ಲ. "ಒಂದಕ್ಕ ಬೆಣ್ಣಿ, ಒಂದಕ್ಕ ಸುಣ್ಣ? ನಡದ್ರ ಎಲ್ಲಾ ನಡೀತಾವ" ಎಂದಳು. ಕೊನೆಗೆ ನಡೆಯದ ನಾಯಿಗಳನ್ನು ಬೇರೆ ಊರುಗಳಲ್ಲಿ ಹುಡುಕಬೇಕಾಯಿತು. ಅವು ಬೇಕಾದಷ್ಟು ಸಿಕ್ಕವು, ಸರಪಳಿಯಲ್ಲಿ. ಕಸ್ತೂರೆವ್ವ ಮಾತ್ರ ಬೆಳಗಾದರೆ ತನ್ನ ಮುದಿ ಪಡೆಯನ್ನು ಕಾಲುವೆ ದಾರಿಯಲ್ಲಿ ಅಡ್ಡಾಡಿಸಿಕೊಂಡು ಬರುತ್ತಿದ್ದಳು. ಎಲ್ಲಕ್ಕೂ ಮುಂದೆ ಗೌರಿ. ಮುಖ ಬೆಳ್ಳಗಾಗಿತ್ತು, ಆದರೂ ಮೂರು ಬಟ್ಟಲು ಬೋರಲು ಹಾಕಿ ಒಂದರಡಿ ರೊಟ್ಟಿ ಬಚ್ಚಿಟ್ಟರೆ ತಪ್ಪದೆ ಅದನ್ನೇ ಮೂತಿಯಿಂದ ಉರುಳಿಸುತ್ತಿತ್ತು. ನೆನಪಿನ ಶಕ್ತಿ ನೋಡುವ ಪರೀಕ್ಷೆ ಅದು. ಗೌರಿ ಗೆದ್ದಾಗಲೆಲ್ಲ ಕಸ್ತೂರೆವ್ವ ನನ್ನ ಕಡೆ ನೋಡಿ, "ನಿಮ್ಮ ಸಾಲಿ ಹುಡುಗುರಕಿಂತ ಛಲೋ" ಎನ್ನುತ್ತಿದ್ದಳು.

ಎರಡನೆಯ ವರ್ಷ ಒಂದು ಮಧ್ಯಾಹ್ನ ನೀಮಾಳ ಅಣ್ಣ ನನ್ನ ಫೋನಿಗೆ ಕರೆ ಮಾಡಿದ. ಅವರ ಅಜ್ಜಿ ತೀರಿಕೊಂಡಿದ್ದರು. ಅವಳನ್ನು ಸಾಕಿ ಬೆಳೆಸಿದ ಅಜ್ಜಿ. ನೀಮಾ ಅಂದು ಪಕ್ಕದ ಮನೆಯಲ್ಲೇ ಇದ್ದಳು. ನಾನು ಓಡಿ ಹೋದರೆ ಕಸ್ತೂರೆವ್ವ ವಿಷಯ ಕೇಳಿ ನನ್ನನ್ನು ಹೊಸ್ತಿಲಲ್ಲೇ ತಡೆದಳು.

"ಹಸದ ಹೊಟ್ಟಿಗೆ ಸಾವಿನ ಸುದ್ದಿ ಹೇಳಬಾರದ್ರಿ ಅಕ್ಕಾರ. ಮೊದಲ ಉಣ್ಣಲಿ."

ನಾನು ಒಳಗೆ ಹೋಗಿ ಒಲೆಯ ಪಕ್ಕ ಕೂತೆ. ನೀಮಾ ಏನೋ ಹೇಳಿ ನಗುತ್ತ ಉಂಡಳು. ಕಸ್ತೂರೆವ್ವ ಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು, ಮೊಸರು ಸುರಿದಳು, ಕೈಗೆ ತಾನೇ ನೀರು ಹಾಕಿದಳು. ಆಮೇಲೆ ಹೇಳಿದಳು. ಅಳು ಇಳಿದ ಮೇಲೆ ನೀಮಾಳಿಗೆ ಕೋಪ ಬಂತು. ಅಜ್ಜಿ ಸತ್ತಿರುವಾಗ ನನ್ನನ್ನು ನಗುತ್ತ ಉಣ್ಣಲು ಬಿಟ್ಟಿರಲ್ಲ ಎಂದು ಕೇಳಿದಳು.

"ಇನ್ನ ನಿನಗ ಗಂಟಲದಾಗ ತುತ್ತ ಇಳಿಯಂಗಿಲ್ಲ ಮಗಳ. ಅದಕ್ಕ ಉಣಿಸಿದ್ನಿ" ಎಂದಳು ಕಸ್ತೂರೆವ್ವ. ಖರೆ, ಆಮೇಲೆ ಎರಡು ದಿನ ಹುಡುಗಿ ನೀರು ಬಿಟ್ಟು ಏನೂ ಮುಟ್ಟಲಿಲ್ಲ.

ಕೊನೆಯ ವರ್ಷ ನೀಮಾ ಒಮ್ಮೆ ಗೌರಿಯ ಎದೆಬಡಿತ ಕೇಳಿ ಮುಗಿಸಿ, ತಮಾಷೆಗೆ ಅದೇ ಸ್ಟೆತೊಸ್ಕೋಪನ್ನು ಕಸ್ತೂರೆವ್ವನ ಎದೆಗೆ ಇಟ್ಟಳು. ತಮಾಷೆ ಅಲ್ಲಿಗೇ ನಿಂತಿತು. ಮತ್ತೆ ಮತ್ತೆ ಇಟ್ಟು ಕೇಳಿದಳು.

"ಅವ್ವ, ಬಡಿತ ಸರಿ ಇಲ್ಲ. ನಾಳೆನ ದವಾಖಾನಿಗೆ ಹೋಗೂಣು."

"ನಾಯಿ ಡಾಕ್ಟರಗ ಮನಶ್ಯಾರ ಎದಿ ಏನ ತಿಳಿತೈತಿ?"

"ನಾಯಿದರ ಸರಿ ಐತಿ. ನಿಂದ ಇಲ್ಲ."

ಎಷ್ಟು ಹಟ ಮಾಡಿದರೂ ಕಸ್ತೂರೆವ್ವ ಜಗ್ಗಲಿಲ್ಲ. "ನಿನ್ನ ಪರೀಕ್ಷಾ ಮುಗೀಲಿ. ನೀನ ಕರಕೊಂಡ ಹೋಗು, ಬರತೇನಿ" ಎಂದು ಕೈಯಲ್ಲಿ ಕೈ ಇಟ್ಟು ಮಾತು ಕೊಟ್ಟಳು. ನಾನೂ ಬೈದೆ, ಕೈ ಹಿಡಿದು ಎಳೆದೆ, ಮಾತು ಬಿಟ್ಟೆ. ನೀಲವ್ವನ ಜೊತೆಗೇ ಹೋಗುವುದು ಎಂದರೆ ನೀಲವ್ವನ ಜೊತೆಗೇ. ಅವಳ ಹಟದ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಸಿಟ್ಟು ತೋರಿಸಲು ಅವಳಿಲ್ಲ.

ನೀಮಾಳ ಕೊನೆಯ ಮೌಖಿಕ ಪರೀಕ್ಷೆಗೆ ಒಂದು ವಾರ ಇತ್ತು. ಬೆಳಿಗ್ಗೆ ಕಬ್ಬು ಕಡಿಯಲು ಹೊರಟವರು ಕಾಲುವೆ ದಾರಿಯ ಬೇವಿನ ಮರದ ಕೆಳಗೆ ಕಸ್ತೂರೆವ್ವ ಒರಗಿ ಕೂತಿರುವುದನ್ನು ಕಂಡರು. ಗೌರಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನಾನು ಹೋಗಿ ಹೆಸರು ಹಿಡಿದು ಕರೆದ ಮೇಲೆ ಸರಿದು ನಿಂತಿತು. ಕಸ್ತೂರೆವ್ವನ ಕೈ ಆಗಲೇ ತಣ್ಣಗಾಗಿತ್ತು.

ನೀಮಾಳಿಗೆ ಫೋನ್ ಮಾಡಲು ಹೊರಟರೆ ವೈಶಾಲಿ ಅಡ್ಡ ಬಂದಳು. ವೈಶಾಲಿ ಕಸ್ತೂರೆವ್ವನ ಮೈದುನನ ಸೊಸೆ, ಹಿಂದಿನ ಓಣಿಯವಳು. ನಮ್ಮ ಕಡೆ ಮನೆಯ ಮಕ್ಕಳಿಗೆ ಪರೀಕ್ಷೆ ಇದ್ದರೆ ಸಾವಿನ ಸುದ್ದಿ ಮುಚ್ಚಿಡುತ್ತಾರೆ, ಪರೀಕ್ಷೆ ಮುಗಿದು ಮನೆಗೆ ಬಂದ ಮೇಲೆ ಹೇಳುತ್ತಾರೆ.

"ಮಗಳು ಅಂತೀರಿ, ಮಣ್ಣಿಗೂ ಕರೆಯಂಗಿಲ್ಲೇನು? ಮುಖರೆ ನೋಡಲಿ" ಎಂದು ನಾನು ಜಗಳ ತೆಗೆದೆ.

"ಮಗಳಂತನ ಕರೆಯಂಗಿಲ್ರಿ ಅಕ್ಕಾರ" ಎಂದಳು ವೈಶಾಲಿ, ಕಣ್ಣೊರೆಸಿಕೊಳ್ಳುತ್ತ. "ಬ್ಯಾರೆದಾಕಿ ಆಗಿದ್ರ ಈಗ ಫೋನ್ ಮಾಡಿ ಹೇಳತಿದ್ವಿ. ದೊಡ್ಡತ್ತಿ ಇದ್ದಿದ್ರೂ ಇದನ್ನ ಅಂತಿದ್ರು."

ನಾನು ಫೋನ್ ಕೆಳಗಿಟ್ಟೆ. ಕಸ್ತೂರೆವ್ವ ನಿಜವಾಗಿ ಹಾಗೇ ಅನ್ನುತ್ತಿದ್ದಳು. ಅಂದು ಸಂಜೆ ನೀಮಾ ಇಲ್ಲದೆ ಮಣ್ಣು ಮುಗಿಯಿತು. ಗೌರಿ ಅಂದಿನಿಂದ ಊಟ ಬಿಟ್ಟಿತು. ಒಂದಿಷ್ಟು ಹಾಲು ನೆಕ್ಕಿ, ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಆಶೀರ್ವಾದ ಕೇಳಲು ನೀಮಾ ಫೋನ್ ಮಾಡಿದಳು. ವೈಶಾಲಿ ಎತ್ತಿದಳು. ದೊಡ್ಡತ್ತಿ ತೇರದಾಳಕ್ಕೆ ತಮ್ಮನ ಮನೆಗೆ ಹೋಗಿದ್ದಾರೆ, ಫೋನ್ ಇಲ್ಲೇ ಮರೆತಿದ್ದಾರೆ ಎಂದಳು.

"ಗೌರೀನ್ನ ಬಿಟ್ಟು ಹೋದಳಾ?" ಎಂದು ನೀಮಾ ಕೇಳಿದಳು.

"ಹೂಂ."

"ಗೌರಿ ಉಂಡಾಳೇನು?" ಎಂದಳು ನೀಮಾ. ವೈಶಾಲಿ ಅದಕ್ಕೂ ಹೂಂ ಎಂದಳು.

ಪರೀಕ್ಷೆ ಚೆನ್ನಾಗಿ ಆಯಿತು. ನಡೆಯುವ, ಜೊತೆಗೆ ಯಾರಾದರೂ ಇರುವ ನಾಯಿಗಳು ಮುಪ್ಪಿನಲ್ಲೂ ಗಟ್ಟಿಯಾಗಿ ಇದ್ದವೆಂದು ಅವಳು ಬರೆದದ್ದನ್ನು ಎಲ್ಲರೂ ಮೆಚ್ಚಿದರು. ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದಳು. ಕೈಯಲ್ಲಿ ಕರದಂಟಿನ ಡಬ್ಬಿ, ಅವ್ವನಿಗೊಂದು ಇಳಕಲ್ ಸೀರೆ. ವಿಜಯಪುರದ ಹೃದಯದ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿಯೇ ಬಂದಿದ್ದಳು. ಗೌರಿ ಕಷ್ಟಪಟ್ಟು ಎದ್ದು ಅವಳ ಮೊಣಕಾಲಿಗೆ ತಲೆ ಒತ್ತಿತು. ಅದರ ಪಕ್ಕೆಲುಬಿನ ಮೇಲೆ ಕೈಯಾಡಿಸಿದ ಕೂಡಲೇ ನೀಮಾಳ ಮುಖ ಬದಲಾಯಿತು.

"ಬಾ ಯವ್ವಾ, ಕೈಕಾಲ ತೊಳಕೋ" ಎಂದು ವೈಶಾಲಿ ತಾಟು ಇಟ್ಟಳು. ರೊಟ್ಟಿ, ಝುಣಕ, ಮೊಸರು.

"ಅವ್ವ ಎಲ್ಲಿ?"

"ಮೊದಲ ಉಣ್ಣು."

ನೀಮಾ ವೈಶಾಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಾಟನ್ನು ನೋಡಿದಳು. ಆ ಮಾತು ಅವಳಿಗೆ ಗೊತ್ತಿತ್ತು. ಆ ಮನೆಯಲ್ಲೇ ಕಲಿತದ್ದು.

"ನಾ ಉಣ್ಣಂಗಿಲ್ಲ" ಎಂದಳು. ತಾಟನ್ನು ದೂರ ಸರಿಸಿದಳು. "ನಾ ಉಣ್ಣೂಮಟ ನೀವು ಹೇಳಂಗಿಲ್ಲ, ಹೌದಲ್ಲ? ನಾ ಉಣ್ಣಂಗಿಲ್ಲ."

ಸೀರೆಯ ಚೀಲ ಅಪ್ಪಿಕೊಂಡು ಗೌರಿಯ ಪಕ್ಕ ನೆಲದ ಮೇಲೆ ಕೂತಳು. ವೈಶಾಲಿ ತಾಟಿಗೆ ಇನ್ನೊಂದು ತಾಟು ಮುಚ್ಚಿ, ಗೋಡೆಗೆ ಮುಖ ಮಾಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೇಳಿಬಿಡೋಣ ಎಂದು ನಾನು ಎರಡು ಸಲ ಬಾಯಿ ತೆರೆದೆ. ನೀಮಾ ಕೈ ಅಡ್ಡ ಹಿಡಿದಳು. ಅಂಗಳದ ಬಿಸಿಲು ಗೋಡೆ ಹತ್ತಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತಿದ್ದವು. ಅವಳು ಉಣ್ಣದೆ ಇರುವಷ್ಟು ಹೊತ್ತು ಕಸ್ತೂರೆವ್ವ ತೇರದಾಳದಲ್ಲಿದ್ದಳು.

ಸಂಜೆಯ ಹೊತ್ತಿಗೆ ಗೌರಿ ಅವಳ ತೊಡೆಯ ಮೇಲೆ ಮೂತಿ ಇಟ್ಟು ಸಣ್ಣಗೆ ನರಳಿತು. ನೀಮಾ ಅದರ ಬಿಳಿ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾಟು ಎಳೆದುಕೊಂಡು ರೊಟ್ಟಿ ಮುರಿದು, ಮೊಸರಲ್ಲಿ ಅದ್ದಿ ಅದರ ಬಾಯಿಗೆ ಹಿಡಿದಳು. ಗೌರಿ ಮೂಸಿತು, ಅವಳ ಮುಖ ನೋಡಿತು, ಮೆಲ್ಲಗೆ ತಿಂದಿತು.

ಇನ್ನೊಂದು ತುಂಡು ಮುರಿದು ನೀಮಾ ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು, ಅಗಿದಳು, ಇಳಿಯಲಿಲ್ಲ. ನಾನು ನೀರು ಕೊಟ್ಟೆ. ನೀರಿನ ಜೊತೆ ನುಂಗಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆ ಎತ್ತಿದಳು.

"ಉಂಡೀನಿ ಅಕ್ಕಾರ. ಈಗ ಹೇಳ್ರಿ."