ಮುನಿರಾಜು ಕೊಟ್ಟಿಗೆಗೆ ತಡವಾಗಿ ಬಂದ ದಿನ

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಬೆಂಗಳೂರು ಪೂರ್ವದ ಒಂದು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ನಾನು ಪಶುವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಉಳಿದಿತ್ತು. ಈ ಭಾಗದಲ್ಲಿ ಹಸುಗಳೆಲ್ಲಿವೆ ಎಂದು ಹಲವರು ಕೇಳುತ್ತಾರೆ. ರಾಮಮೂರ್ತಿ ನಗರದ ಒಳಗಲ್ಲಿಗಳಲ್ಲಿ, ಬಾಡಿಗೆ ಮನೆಗಳ ಸಾಲಿನ ಹಿಂದೆ, ಆಗ ಎಷ್ಟೋ ಕೊಟ್ಟಿಗೆಗಳಿದ್ದವು. ಮುನಿರಾಜು ಅವರದು ಅಂಥದ್ದೊಂದು. ಹನ್ನೊಂದು ಹಸು. ಹಾಲು ಕರೆಯುವುದು, ಸುತ್ತಲಿನ ಮನೆಗಳಿಗೆ ಹಾಕುವುದು ಗಂಡ ಹೆಂಡತಿ ಇಬ್ಬರದೇ ಕೆಲಸ.

ಮುನಿರಾಜು ಅಗ್ನಿಶಾಮಕ ದಳದ ಸ್ವಯಂಸೇವಕರೂ ಆಗಿದ್ದರು. ಸಂಬಳವಿಲ್ಲದ ಕೆಲಸ. ತರಬೇತಿ ಪಡೆದಿದ್ದರು, ಒಂದು ಹೆಲ್ಮೆಟ್ ಮತ್ತು ಜಾಕೆಟ್ ಇತ್ತು. ಫೈರ್ ಎಂಜಿನ್ ನುಗ್ಗಲಾಗದ ಗಲ್ಲಿಗಳಲ್ಲಿ ಪೈಪ್ ಎಳೆಯುವುದು, ಮನೆಗಳಿಂದ ಸಿಲಿಂಡರ್ ಹೊರಗೆ ಸಾಗಿಸುವುದು, ಜನರನ್ನು ಇಳಿಸುವುದು ಅವರ ಪಾಲಿಗೆ ಬರುತ್ತಿತ್ತು. "ಯಾಕ್ರೀ ಇದೆಲ್ಲ ನಿಮಗೆ?" ಎಂದು ಒಮ್ಮೆ ಕೇಳಿದ್ದೆ. "ಗಲ್ಲಿಗಳೆಲ್ಲ ನಂಗೆ ಗೊತ್ತಲ್ಲ ಡಾಕ್ಟ್ರಮ್ಮ, ದಿನಾ ಹಾಲು ಹಾಕ್ತೀನಿ," ಎಂದಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರ ಹೆಂಡತಿ ಯಶೋದಮ್ಮ ಫೋನ್ ಮಾಡಿದರು. "ಕೊಟ್ಟಿಗೆಗೆ ಬೆಂಕಿ ಬಿದ್ದದೆ. ಬನ್ನಿ," ಎಂದಷ್ಟೇ ಹೇಳಿ ಇಟ್ಟರು.

ನಡೆದದ್ದು ಹೀಗೆ. ಎರಡು ಗಲ್ಲಿ ಆಚೆ ಫೋಮ್ ಹಾಸಿಗೆ ಮಾಡುವ ಗೋದಾಮೊಂದು ಹೊತ್ತಿಕೊಂಡಿತ್ತು. ಮುನಿರಾಜು ಅಲ್ಲಿಗೆ ಓಡಿದ್ದರು. ಗಾಳಿ ಜೋರಾಗಿತ್ತು. ಅಲ್ಲಿಂದ ಹಾರಿದ ಕಿಡಿ ಇವರ ಒಣಹುಲ್ಲಿನ ಮೆದೆಗೆ ಮುಚ್ಚಿದ್ದ ಟಾರ್ಪಾಲಿನ ಮೇಲೆ ಬಿತ್ತು. ಹೊರಸಾಲಿನ ಆರು ಹಸುಗಳ ಹಗ್ಗವನ್ನು ಯಶೋದಮ್ಮ ಕುಡುಗೋಲಿನಿಂದ ಕತ್ತರಿಸಿ ಬೀದಿಗೆ ಅಟ್ಟಿದರು. ಒಳಸಾಲಿನ ಐದನ್ನು ಸರಪಳಿಯಲ್ಲಿ ಕಟ್ಟಿದ್ದರು. ಪಕ್ಕದ ಗ್ಯಾರೇಜಿನವರು ಕಟರ್ ತಂದು ಸರಪಳಿ ತುಂಡರಿಸುವಷ್ಟರಲ್ಲಿ ಸೂರು ಕುಸಿದಿತ್ತು.

ನಾನು ಹೋದಾಗ ಎರಡು ಸತ್ತಿದ್ದವು. ಮೂರನ್ನು ಅಂಗಳಕ್ಕೆ ಎಳೆದು ತಂದಿದ್ದರು. ಬೆಂಕಿಗೆ ಸಿಕ್ಕ ದನದ ಚರ್ಮವನ್ನು ನೋಡಿ ನಾವು ತೀರ್ಮಾನಿಸುವುದಿಲ್ಲ, ಉಸಿರು ನೋಡುತ್ತೇವೆ. ಚರ್ಮ ಒಮ್ಮೊಮ್ಮೆ ಮಾಯುತ್ತದೆ, ಬೆಂದ ಶ್ವಾಸನಾಳ ಮಾಯುವುದಿಲ್ಲ. ಮೂರರ ಮೂಗಿನ ಹೊಳ್ಳೆಯಲ್ಲೂ ಮಸಿ, ಬಾಯಲ್ಲಿ ನೊರೆ. ಕೆಚ್ಚಲಂತೂ ನೋಡುವ ಹಾಗಿರಲಿಲ್ಲ. ನೋವಿಗೆ ಇಂಜೆಕ್ಷನ್ ಕೊಟ್ಟು ಯಶೋದಮ್ಮನವರಿಗೆ ವಿಷಯ ಹೇಳಿದೆ. ಇವುಗಳಿಗೆ ದಯಾಮರಣ ಕೊಡುವುದೊಂದೇ ಉಳಿದಿದೆ, ನೀವು ಒಪ್ಪಬೇಕು ಎಂದೆ.

"ಅವರು ಬರ್ಲಿ ಡಾಕ್ಟ್ರಮ್ಮ," ಎಂದರು.

"ಹೇಳಿ ಕಳಿಸಿದ್ರಾ?"

"ಗ್ಯಾರೇಜಿನ ಹುಡುಗ್ರು ಹೋಗಿ ಹೇಳಿದ್ರು. ಮೇಲೆ ಇಬ್ರು ಸಿಕ್ಕಾಕೊಂಡವ್ರೆ, ಇಳಿಸಿ ಬರ್ತೀನಿ ಅಂದ್ರಂತೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಬರಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ಬೀದಿ ಕಡೆ ನೋಡ್ತಾನೇ ಇದ್ದೆ."

ಮುನಿರಾಜು ಬಂದಾಗ ಮೈಯೆಲ್ಲ ಮಸಿ, ಒದ್ದೆ. ಸತ್ತವುಗಳ ಕಡೆ ನೋಡಿದರು. ಉಳಿದ ಮೂರರಲ್ಲಿ ನಿಂತಿದ್ದದ್ದು ಗೌರಿಯೊಂದೇ. ಅದನ್ನು ಅವರು ಕರುವಿನಿಂದ ಸಾಕಿದ್ದರು. "ಗೌರಿ" ಎನ್ನುತ್ತಾ ಹತ್ತಿರ ಹೋದರು. ಅದು ಕಣ್ಣು ಬೆಳ್ಳಗೆ ಮಾಡಿ, ಗೋಡೆಗೆ ಒತ್ತಿಕೊಂಡು, ಅಂಗಳದಲ್ಲಿ ಕಟ್ಟಿದ್ದ ಹಗ್ಗ ಜಗ್ಗಿತು. ಇನ್ನೊಂದು ಹೆಜ್ಜೆ ಇಟ್ಟರು. ಅದು ನಡುಗತೊಡಗಿತು. ಅವರ ಮೈಯಿಂದ ಬರುತ್ತಿದ್ದದ್ದು ಹೊಗೆಯ ವಾಸನೆ.

ಅವರು ಅಲ್ಲೇ ನಿಂತುಬಿಟ್ಟರು. ಯಶೋದಮ್ಮ ಅವರ ತೋಳು ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದು, ಅಂಗಿ ಬಿಚ್ಚಿಸಿ, ತಲೆಗೆ ನೀರು ಹೊಯ್ಯುತ್ತಾ ನಾನು ಹೇಳಿದ್ದನ್ನು ತಿಳಿಸಿದರು. ಮನೆಯೊಳಗಿದ್ದ ಬೂಸಾ ಚೀಲವೊಂದನ್ನು ತಂದು ಹೆಗಲಿಗೆ ಹೊದಿಸಿ, "ಈಗ ಹೋಗಿ," ಎಂದರು. ಈ ಸಲ ಗೌರಿ ಮೂಸಿತು. ತಲೆಯನ್ನು ಅವರು ಎದೆಗೆ ಆನಿಸಿಕೊಳ್ಳಲು ಬಿಟ್ಟಿತು. ಅವರು ಅದರ ಕಿವಿಯ ಹಿಂದೆ ಕೈಯಿಟ್ಟು, ಆಗಲಿ ಎಂದು ನನ್ನತ್ತ ತಲೆಯಾಡಿಸಿದರು. ಮೊದಲು ಮಂಪರಿನ ಔಷಧಿ, ಆಮೇಲೆ ಕತ್ತಿನ ರಕ್ತನಾಳಕ್ಕೆ ಕೊನೆಯದು. ಮೂರಕ್ಕೂ ಅವರೇ ತಲೆ ಹಿಡಿದರು.

ಎಲ್ಲ ಮುಗಿದು ನಾನು ಕೈ ತೊಳೆಯುವಾಗ ಅವರು ಕೇಳಿದರು: "ಹೇಳಿ ಕಳಿಸಿದ ಕೂಡ್ಲೇ ಬಂದಿದ್ರೆ, ಡಾಕ್ಟ್ರಮ್ಮ?"

ಇಲ್ಲ, ಏನೂ ಆಗುತ್ತಿರಲಿಲ್ಲ ಎನ್ನುವುದು ಸುಲಭವಿತ್ತು. ಆದರೆ ಅವರು ಬೆಂಕಿಯನ್ನು ಬಲ್ಲವರು. "ಇನ್ನೊಂದು ಜೊತೆ ಕೈ ಇರ್ತಿತ್ತು. ಒಂದೋ ಎರಡೋ ಉಳೀತಿದ್ವು," ಎಂದೆ.

ನಾನು ಬ್ಯಾಗ್ ಮುಚ್ಚಿದೆ, ಆದರೆ ಎದ್ದು ಹೊರಡಲಾಗಲಿಲ್ಲ. ಪಾಲಿಕೆಯ ಲಾರಿ ಬರುವವರೆಗೂ ಮೂವರೂ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆವು.

ಗೋದಾಮಿನಿಂದ ಇಳಿಸಿದ ಇಬ್ಬರಲ್ಲಿ ಒಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಬದುಕಿದವನು ಶಿವಾಜಿನಗರದ ಕಡೆಯವನು, ಹೆಸರು ಇಮ್ತಿಯಾಜ್. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಇವರ ಮನೆ ಹುಡುಕಿ ಬಂದ. ಉಳಿದ ಹಸುಗಳನ್ನು ನೋಡಲು ಆ ದಿನ ನಾನೂ ಅಲ್ಲಿದ್ದೆ. ಯಶೋದಮ್ಮ ಅವನನ್ನು ಕಂಡವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಿದ್ದ. ಮುನಿರಾಜು ಕುರ್ಚಿ ತಂದು ಹಾಕಿದರು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. "ಊಟ ಆಯ್ತಾ?" ಎಂದು ಯಶೋದಮ್ಮ ಅವನನ್ನು ಕೇಳಿದರು.

ಮುನಿರಾಜು ಆರು ಹಸುಗಳಲ್ಲೇ ಮುಂದುವರಿದರು. ಬೆಂಕಿ ಕರೆಗೆ ಹೋಗುವುದನ್ನೂ ಬಿಡಲಿಲ್ಲ. ಅವರನ್ನು ಬಿಡಿಸಿದ್ದು ಕೆಮ್ಮು. ಶ್ವಾಸಕೋಶ ಹಾಳಾಗಿದೆ ಎಂದು ವೈದ್ಯರು ಹೇಳಿದ ಮೇಲೂ ಹಾಲು ಹಾಕುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಹೆಗಲು ಕೊಟ್ಟವರಲ್ಲಿ ಅಗ್ನಿಶಾಮಕ ದಳದವರಿದ್ದರು, ಇಮ್ತಿಯಾಜ್ ಇದ್ದ.

ಎಲ್ಲರೂ ಹೋದ ಮೇಲೆ ಯಶೋದಮ್ಮನವರನ್ನು ಕೇಳಿದೆ, ಅಂದು ನಾನು ಹಾಗೆ ಹೇಳಬಾರದಿತ್ತೇನೋ ಎಂದು.

"ಸುಳ್ಳು ಹೇಳಿದ್ರೆ ಅವರು ನಂಬ್ತಿರ್ಲಿಲ್ಲ," ಎಂದರು. "ಆದ್ರೆ ಹೇಳ್ಬಿಟ್ಟು ಹಾಗೇ ಎದ್ದು ಹೋಗಿದ್ರೆ, ನಾನು ನಿಮ್ಮನ್ನ ಮತ್ತೆ ಈ ಮನೆಗೆ ಸೇರಿಸ್ತಿರ್ಲಿಲ್ಲ."

ದಯಾಮರಣದ ಔಷಧಿಯ ಪ್ರಮಾಣವನ್ನು ಕಾಲೇಜು ಕಲಿಸಿತ್ತು. ಕಹಿ ಮಾತು ಆಡಿದವರು ಆಮೇಲೂ ಸ್ವಲ್ಪ ಹೊತ್ತು ಜೊತೆಯಲ್ಲಿ ಕೂತಿರಬೇಕು ಎನ್ನುವುದನ್ನು ಕಲಿಸಿದ್ದು ಆ ಮನೆ.