ಕಲ್ಲೂರಿನ ಹುಲ್ಲಿಗೆ ಒಂದು ವಾರ ತಡ

ರಾಯಚೂರಿನಿಂದ ಬೆಳಿಗ್ಗೆ ಏಳಕ್ಕೆ ಮಾನ್ವಿ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಪಡೆದದ್ದು ಹೆಂಗಸರ ಸೊನ್ನೆ ಟಿಕೆಟ್ಟಾದರೂ ಕಿಟಕಿಯ ಸೀಟು ಮಾತ್ರ ಬಿಡಲಿಲ್ಲ. ಹೊರಟದ್ದು ಕಲ್ಲೂರಿಗೆ, ನನ್ನ ಎಂಟು ಎಮ್ಮೆಗಳಿಗೆ ಬೇಸಿಗೆಯ ಮೇವು ತರಲು. ದೇವದುರ್ಗ ಕಡೆಯ ಜೋಳದ ಕಣಿಕೆ ಈ ವರ್ಷ ವಿಪರೀತ ತುಟ್ಟಿ. ಭತ್ತದ ಹುಲ್ಲೇ ಗತಿ.

ಹುಲ್ಲು ಕೊಳ್ಳುವುದರಲ್ಲಿ ನನ್ನದೊಂದು ಪಟ್ಟು ಇತ್ತು. ಯಂತ್ರ ಕೊಯ್ದ ಮೇಲೆ ಹುಲ್ಲು ಗದ್ದೆಯಲ್ಲೇ ಬಿದ್ದಿರುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬರುವ ಹೊತ್ತಿಗೆ ಗದ್ದೆ ಖಾಲಿಯಾದರೆ ಸಾಕೆಂದು ರೈತ ಕೇಳಿದ ದರಕ್ಕೆ ಕೊಟ್ಟುಬಿಡುತ್ತಾನೆ. ಅದಕ್ಕೇ ಕಲ್ಲೂರಿನ ರೈತ ಶರಣಪ್ಪನಿಗೆ ಹೋದ ಸೋಮವಾರ ಬರುತ್ತೇನೆಂದು ಹೇಳಿ, ಬೇಕೆಂದೇ ವಾರ ಕಳೆದಿದ್ದೆ.

ಕಲ್ಲೂರಿನಲ್ಲಿಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗದ್ದೆಗೆ ನಡೆದೆ. ಅವನ ಎರಡು ಗದ್ದೆಗಳಲ್ಲಿ ಒಂದು ಆಗಲೇ ಸುಟ್ಟು ಕಪ್ಪಾಗಿತ್ತು. ಇನ್ನೊಂದರ ಬದುವಿನಲ್ಲಿ ಶರಣಪ್ಪ ಕಡ್ಡಿಪೆಟ್ಟಿಗೆ ಹಿಡಿದು ಗಾಳಿ ನೋಡುತ್ತಿದ್ದ.

"ನೀವು ಬರಂಗಿಲ್ಲ ಅಂತ ತಿಳಕೊಂಡ್ವಿ ಅಕ್ಕಾರ. ಇವತ್ತು ಸಂಜಿಗೆ ನೀರು ಬರ್ತದ. ಮಡಿಯಾಗ ಸಸಿ ಬಲಿಯಾಕತ್ತಾವ."

ಪಕ್ಕದ ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದ ಅವನ ಹೆಂಡತಿ ಬಸಮ್ಮ ತಲೆ ಎತ್ತದೆ ಕೇಳಿದಳು: "ನಿಮ್ಮ ಎಮ್ಮಿ ಬೂದಿ ತಿಂತಾವೇನ್ರಿ?"

ಶರಣಪ್ಪ ದರದ ಮಾತೇ ಎತ್ತಲಿಲ್ಲ. ಸಂಜೆಯೊಳಗೆ ಒಯ್ದರೆ ಹುಲ್ಲೆಲ್ಲ ನನ್ನದು, ಇಲ್ಲದಿದ್ದರೆ ಬೆಂಕಿ ಎಂದ. ಹುಲ್ಲನ್ನು ಸುತ್ತಿ ಕಟ್ಟುವ ಯಂತ್ರ ಇಟ್ಟಿರುವ ಮಾನ್ವಿಯ ಖಾಜಾ ಭಾಯಿಗೆ ಫೋನು ಮಾಡಿದೆ. ಇಬ್ಬನಿ ಆರುವ ಮೊದಲು ಬರುವುದಿಲ್ಲ ಎಂದ. ಅವನ ಮಾತು ಸರಿ. ಹಸಿ ಹುಲ್ಲು ಕಟ್ಟಿಸಿದರೆ ಒಳಗೆ ಬೂಸು ಹಿಡಿಯುತ್ತದೆ, ನೀವೂ ಎಂದೂ ಕಟ್ಟಿಸಬೇಡಿ. ಸೀರೆ ಎತ್ತಿ ಕಟ್ಟಿ, ಕೋಲು ಹಿಡಿದು ಶರಣಪ್ಪನ ಜೊತೆ ಹುಲ್ಲು ತಿರುವಿ ಹಾಕುತ್ತ ಹೋದೆ. ಬಿಸಿಲು ಏರಿತು. ಬಸಮ್ಮ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಷ್ಟರಲ್ಲಿ ಯಂತ್ರವೂ ಹುಲ್ಲು ಒಯ್ಯುವ ಟ್ರ್ಯಾಕ್ಟರೂ ಬಂದವು.

ಹೊತ್ತು ಮುಳುಗುವ ಮೊದಲು ಕೊನೆಯ ಸುರುಳಿ ಟ್ರ್ಯಾಕ್ಟರ್ ಏರಿತು. ವ್ಯವಹಾರದಲ್ಲಿ ಮೊದಲು ಬಾಯಿ ಬಿಡುವವಳಲ್ಲ ನಾನು. ಅವತ್ತು ಬಿಟ್ಟೆ.

"ಮುಂದಿನ ವರ್ಷ ಕೊಯ್ಲಿನ ದಿನಾನ ಬರ್ತೀನಿ ಶರಣಪ್ಪಣ್ಣ. ದರ ನೀವ ಹೇಳ್ರಿ."

ಬಸಮ್ಮ ಗಂಡನ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಟ್ರ್ಯಾಕ್ಟರಿನ ಮೇಲಿಂದ ತಿರುಗಿ ನೋಡಿದೆ. ಕಾಲುವೆ ನೀರು ಕಪ್ಪು ಗದ್ದೆಗೆ ಇಳಿಯುತ್ತಿತ್ತು. ಬೂದಿ ತೇಲಿ ಬಂದು ಬದುವಿಗೆ ನಿಂತಿತ್ತು. ನನ್ನ ಎಮ್ಮೆಗಳ ಎರಡು ತಿಂಗಳ ಮೇವು ಅದು.