ಅಂಚಿನಲ್ಲಿದ್ದ ಹನ್ನೊಂದು ಸಾಲು

ಜುಲೈ 13, ಭಾನುವಾರ. ಬೆಳಗ್ಗೆ 6.40ಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ಏಳು ವರ್ಷಗಳ ಹಿಂದೆ ಕಣ್ಣು ಕಾಣದ ಒಬ್ಬ ಅಜ್ಜಿಗೆ ನಾನು ಸುಳ್ಳು ಹೇಳಿದೆ. ಅವರ ಗಂಡ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದನ್ನು ಕಣ್ಣೆದುರಿಗೇ ಇಟ್ಟುಕೊಂಡು, ಏನೂ ಬರೆದಿಲ್ಲ ಎಂದೆ. ಆಮೇಲೆ ಆ ಪುಸ್ತಕವೇ ಕೈಬಿಟ್ಟು ಹೋಗುವಾಗಲೂ ಪಕ್ಕದಲ್ಲೇ ಇದ್ದು ಬಾಯಿ ತೆರೆಯಲಿಲ್ಲ.

ಕರುಣಾಬಾಯಿ ಅಜ್ಜಿ ತಮಿಳು ಸೀಮೆಯ ಕ್ರೋಂಪೇಟೆಯಲ್ಲಿ ನಮ್ಮ ಕೆಳಗಿನ ಮನೆಯವರು, ಗದಗಿನ ಕಡೆಯ ಕ್ರೈಸ್ತರು. ಗಂಡ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಅವರು ತೀರಿಕೊಂಡ ಮೇಲೆ, ಡ್ಯೂಟಿಗೆ ಒಯ್ಯುತ್ತಿದ್ದ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಕನ್ನಡ ಸುವಾರ್ತೆ ಸಿಕ್ಕಿತು. ಅಷ್ಟರಲ್ಲಿ ಅಜ್ಜಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಓದಿ ಹೇಳುವವರು ಬೇಕಾಗಿತ್ತು.

"ನಮ್ಮ ಹುಡುಗಿ ಓದ್ತಾಳೆ ಬಿಡಿ," ಎಂದರು ಅಮ್ಮ.

ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಿದ್ದೆಲ್ಲ ತಮಿಳು ಮತ್ತು ಇಂಗ್ಲಿಷು. ಅಮ್ಮ ಕೊಡಿಸಿದ ಅಕ್ಷರಮಾಲೆಯನ್ನು ತೆರೆಯದೆಯೇ, ರಜೆಯಲ್ಲಿ ಕಲಿತುಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದೆ. ಈಗ ಇಲ್ಲ ಎನ್ನುವುದು ಹೇಗೆ—ಹತ್ತೊಂಬತ್ತು ವರ್ಷದವಳಿಗೆ ಅದೇ ದೊಡ್ಡ ಅವಮಾನ.

ಜೂನ್ 3ರಂದು ಶುರುವಾಯಿತು. ಭಾನುವಾರಕ್ಕೊಂದು ಅಧ್ಯಾಯ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಹದಿನಾರೇ ಅಧ್ಯಾಯ. ಅಜ್ಜಿಯ ಪುಸ್ತಕ ತೆರೆದು, ಅದರ ಮೇಲೆ ಫೋನಿಟ್ಟು, ಅದರಲ್ಲಿದ್ದ ತಮಿಳು ಸುವಾರ್ತೆಯನ್ನು ಅಲ್ಲಲ್ಲೇ ಕನ್ನಡ ಮಾಡಿ ಹೇಳುತ್ತಿದ್ದೆ. ಒಮ್ಮೆ ದೋಣಿ ಎನ್ನುವ ಪದ ಹೊಳೆಯದೆ ತಮಿಳಿನ 'ಪಡಗು' ಎಂದುಬಿಟ್ಟೆ.

"ದೋಣಿ ಅನ್ನ, ತಂಗಿ! ನೀ ಓದೂದು ಕೇಳಿದ್ರ ಯೇಸುಸ್ವಾಮಿ ಇಲ್ಲೇ ಪಲ್ಲಾವರದಾಗ ಹುಟ್ಟಿ ಬೆಳದಂಗ ಐತಿ," ಎಂದು ಅಜ್ಜಿ ಹೊಟ್ಟೆ ಹಿಡಿದು ನಕ್ಕರು.

ಆ ಭಾನುವಾರಗಳು ಚೆನ್ನಾಗಿದ್ದವು. ಅದನ್ನು ಮುಚ್ಚಿಟ್ಟರೆ ಅದೂ ಸುಳ್ಳೇ. ನಮ್ಮದು ವಿಭೂತಿ ಹಚ್ಚುವ ಮನೆ. ಯೇಸುವಿನ ಬಗ್ಗೆ ನನಗೆ ಗೊತ್ತಿದ್ದದ್ದು ಶಾಲೆಯ ಕ್ರಿಸ್ಮಸ್ ನಾಟಕದಷ್ಟೇ. ಈ ಪುಸ್ತಕದಲ್ಲಿ ಅವರು ದಣಿಯುತ್ತಿದ್ದರು, ಬಿರುಗಾಳಿಯಲ್ಲೂ ದಿಂಬಿಗೆ ತಲೆಯಿಟ್ಟು ಮಲಗಿಬಿಡುತ್ತಿದ್ದರು. ನಾಲ್ಕನೇ ಅಧ್ಯಾಯ ಮುಗಿದಾಗ ನನ್ನ ಡೈರಿಯಲ್ಲಿದ್ದ ಲೆಕ್ಕ: ಊಟಕ್ಕೆ ಕೂತದ್ದು 1, ಊಟಕ್ಕೂ ಬಿಡುವಿಲ್ಲದ್ದು 1, ನಿದ್ದೆ 1. ಓದಿ ಹೇಳಿದರೆ ಅಜ್ಜಿ, "ಪಾಪ, ಗೂಡ್ಸ್ ಗಾರ್ಡನ ಬಾಳೇ ಆತಲ್ಲ," ಎನ್ನುತ್ತಿದ್ದರು.

ಅದೇ ಡೈರಿಯಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಅಂಚಿನ ಪೆನ್ಸಿಲ್ ಬರಹ—ಮೊದಲ ಅಧ್ಯಾಯದಲ್ಲಿ 3 ಸಾಲು, ಎರಡನೆಯದರಲ್ಲಿ ಇಲ್ಲ, ಮೂರರಲ್ಲಿ 2, ನಾಲ್ಕರಲ್ಲಿ 6. ಓದಲು ಬಾರದ್ದನ್ನು ಏಕೆ ಎಣಿಸಿದೆನೋ... ಎಣಿಸುವುದು ನನ್ನ ಚಾಳಿ, ಅಷ್ಟೇ.

ಜುಲೈ 1, ಐದನೇ ಅಧ್ಯಾಯ. ಸಭಾಮಂದಿರದ ಅಧಿಕಾರಿಯೊಬ್ಬನ ಹನ್ನೆರಡು ವರ್ಷದ ಮಗಳು ಸಾಯುತ್ತಾಳೆ. ಯೇಸು ಅವಳ ಕೈ ಹಿಡಿದು ಎಬ್ಬಿಸುತ್ತಾರೆ, ಎಬ್ಬಿಸಿ, ಅವಳಿಗೆ ತಿನ್ನಲು ಏನಾದರೂ ಕೊಡಿ ಎನ್ನುತ್ತಾರೆ.

"ಹೆತ್ತಾಕಿಗೂ ಹೊಳೀಲಿಲ್ಲ ನೋಡು ಅದು," ಎಂದರು ಅಜ್ಜಿ. ಆಮೇಲೆ ಮೊದಲ ಬಾರಿಗೆ ತಮ್ಮ ಮಗಳ ಮಾತು ತೆಗೆದರು. ಎಂಟು ವರ್ಷದವಳು, ಮೂರು ದಿನದ ಜ್ವರ. ಗಂಡ ಗಾಡಿಯ ಮೇಲಿದ್ದರು. ಮನೆಗೆ ಬರುವ ಹೊತ್ತಿಗೆ ಮಣ್ಣೂ ಆಗಿತ್ತು. ಆಮೇಲೆ ಬದುಕಿದ್ದಷ್ಟು ದಿನ ಅವರು ಆ ಮಗುವಿನ ಹೆಸರೆತ್ತಲಿಲ್ಲವಂತೆ.

"ಗಾಡಿ ನಿಂತ್ರೂ ಬರೀತಿದ್ರು, ಬಿಟ್ರೂ ಬರೀತಿದ್ರು, ಅವರ ಕೆಲಸಾನ ಅದು. ಈ ಕತಿ ಬದಿಗೆ ಏನರ ಬರದಾರೇನು, ನೋಡ್ ತಂಗಿ."

ಬರೆದಿದ್ದರು. ಎರಡೂ ಅಂಚು ತುಂಬಿ ಪುಟದ ತಳಕ್ಕೂ ಇಳಿದಿತ್ತು. ಹನ್ನೊಂದು ಸಾಲು. ಇದೆ ಎಂದರೆ ಓದು ಎನ್ನುತ್ತಾರೆ. ನನಗೆ ಬಾರದು ಎಂದರೆ ಐದು ವಾರ ಓದಿದ್ದು ಏನು ಎನ್ನುತ್ತಾರೆ. ಇಷ್ಟೆಲ್ಲ ಯೋಚಿಸಲು ನನಗೆ ಬೇಕಾದದ್ದು ಒಂದು ಉಸಿರಿನಷ್ಟು ಹೊತ್ತು.

"ಇಲ್ಲ ಅಜ್ಜಿ. ಖಾಲಿ ಇದೆ."

"ಹೌದಾ," ಎಂದರು. ಅಷ್ಟೇ.

ಸೆಪ್ಟೆಂಬರ್ 16ಕ್ಕೆ ಹದಿನಾರೂ ಮುಗಿದವು. ಅಂಚಿನ ಒಟ್ಟು ಸಾಲು 64. ಮರುವಾರ ಅಜ್ಜಿಯನ್ನು ನುಂಗಂಬಾಕ್ಕಂನ ಒಬ್ಬ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಬೆಂಚಿನಲ್ಲಿ, ಅತ್ತೆಯ ಆಪರೇಷನ್ನಿಗೆಂದು ಬಳ್ಳಾರಿ ಕಡೆಯಿಂದ ಬಂದ ಹೆಂಗಸೊಬ್ಬರು ಕೂತಿದ್ದರು. ಹತ್ತು ದಿನದಿಂದ ಒಂದು ಕನ್ನಡ ಅಕ್ಷರ ಕಂಡಿಲ್ಲ ಎಂದು ಹೇಳಿಕೊಂಡರು. ಅಜ್ಜಿ, ತಮ್ಮ ಮನೆಯವರದು ಎನ್ನುತ್ತ, ಚೀಲದಿಂದ ಆ ಪುಸ್ತಕ ತೆಗೆದರು.

"ತಗೋರಿ. ನಿಮಗ ಓದಾಕ ಬರತೈತಿ."

"ನಿಮ್ಗೆ ಬೇಡೇನ್ರೀ ಅಮ್ಮಾ? ಮನೇರದು ಅಂತೀರಿ..."

"ನನಗ ಅಂತ ಅದರಾಗ ಏನೂ ಇಲ್ರೀ."

ನಾನು ಆಗಲಾದರೂ ಹೇಳಬೇಕಿತ್ತು. ಟೋಕನ್ ನಂಬರ್ ಕರೆದರು, ನಾವು ಎದ್ದೆವು. ಸಿಕ್ಕಿದ್ದನ್ನೆಲ್ಲ ಬರೆದಿಡುವ ನಾನು ಆ ಹೆಂಗಸಿನ ಹೆಸರನ್ನು ಕೇಳಲೇ ಇಲ್ಲ.

ಕನ್ನಡ ಓದಲು ಕಲಿತದ್ದು ಹೋದ ವರ್ಷ. ಅದಕ್ಕೆ ಹಿಡಿದದ್ದು 41 ದಿನ. ಬರೀ ನಲವತ್ತೊಂದು ದಿನದ ಕೆಲಸ ಅದು—ಎಂದೋ ಮಾಡಬಹುದಾಗಿದ್ದದ್ದು. ಕಲಿತ ಮೇಲೂ ಕೆಳಗಿನ ಮನೆಗೆ ಇಳಿದು ಹೇಳಲು ಇನ್ನೊಂದು ವರ್ಷ ಬೇಕಾಯಿತು. ಹೋದ ಭಾನುವಾರ ಡೈರಿ ತೆಗೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ: ಫೋನು, ತಮಿಳು, ಅಂಚು, ಬೆಂಚು. ಅಜ್ಜಿಗೆ ಈಗ ಎಂಬತ್ತನಾಲ್ಕು. ಕೈ ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಐದನೇದರಾಗ ಎಷ್ಟು ಅಂದಿ?"

"ಹನ್ನೊಂದು ಸಾಲು, ಅಜ್ಜಿ."

"ಹನ್ನೊಂದು!" ಎಂದರು. "ಮಗಳು ಹ್ವಾದ ಮ್ಯಾಲ ಆ ಮನಷ್ಯಾ ಆಕಿ ಬಗ್ಗೆ ನನ್ನ ಮುಂದ ಒಂದ ಮಾತು ಆಡಿಲ್ಲ. ಕಲ್ಲು ಅನಕೊಂಡಿದ್ನೆಲ್ಲ ತಂಗಿ, ಇಷ್ಟು ವರ್ಷ ನಾ ಅವರನ್ನ ಕಲ್ಲು ಅನಕೊಂಡಿದ್ನೆಲ್ಲ..."

ಅವರು ಅಳುತ್ತಿದ್ದರು, ಆದರೆ ಮುಖ ಹಗುರವಾಗಿತ್ತು. ಆಮೇಲೆ ನನ್ನ ಕಿವಿ ಹುಡುಕಿ ಹಿಡಿದು ಹಿಂಡಿದರು. "ಕಳ್ಳಿ. ಎಣಿಸಾಕ ಬಂತು, ಹೇಳಾಕ ಬರಲಿಲ್ಲ." ಆಮೇಲೆ, "ಮುಂದಿನ ಐತವಾರ ಬಾ. ಮೊದಲಿಂದ ಓದು. ಈ ಸಲ ಕನ್ನಡದಾಗ," ಎಂದರು.

ಇವತ್ತು ಹತ್ತು ಗಂಟೆಗೆ ಹೋಗಬೇಕು. ಹೊಸ ಪ್ರತಿ ತಂದಿಟ್ಟಿದ್ದೇನೆ. ನನಗೆ ಸಂತೋಷವಾಗಿದೆ. ಆದರೆ ಕ್ಷಮೆ ಸಿಕ್ಕಿತೆಂದು ತಪ್ಪು ಚಿಕ್ಕದಾಗಲಿಲ್ಲ. ಆ ಹನ್ನೊಂದು ಸಾಲಿನಲ್ಲಿ ಸಿಟ್ಟಿತ್ತೋ, ಮಗುವಿನ ಹೆಸರಿತ್ತೋ—ಅಜ್ಜಿಗೆ ಅದು ಇನ್ನೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು.

ಅಂಗೈ ಅಗಲದ ಪುಸ್ತಕ, ಕಪ್ಪು ರಟ್ಟು, ಬೆನ್ನಿಗೆ ಖಾಕಿ ಬಟ್ಟೆಯ ಹೊಲಿಗೆ. ಬಳ್ಳಾರಿ ಕಡೆಯ ಆ ತಾಯಿಯೋ, ಅವರ ಮನೆಯವರೋ, ಅವರಿಂದ ಪಡೆದವರೋ ಇದನ್ನು ಓದುತ್ತಿದ್ದರೆ—ಪುಸ್ತಕ ನಿಮ್ಮಲ್ಲೇ ಇರಲಿ. ಐದನೇ ಅಧ್ಯಾಯದ ಅಂಚಿನಲ್ಲಿರುವುದನ್ನು ಮಾತ್ರ ಒಂದು ಕಾಗದದಲ್ಲಿ ಬರೆದು ಈ ಪತ್ರಿಕೆಗೆ ಕಳುಹಿಸಿ. ಅಕ್ಷರ ಹೇಗಿದ್ದರೂ ಸರಿ, ಈಗ ನನಗೆ ಓದಲು ಬರುತ್ತದೆ.